ಪೆನ್ಸಿಲ್ಲಿನಲ್ಲಿ ಒಂದು ಲೋಟ: ಕಂಡದ್ದನ್ನು ಕಂಡಂತೆ ಬಿಡಿಸುವ ಅಭ್ಯಾಸ

ನೋಡಿ ಬಿಡಿಸಲು ಹೇಳಿದಾಗ ಹೊಸಬರು ಬಿಡಿಸುವ ಲೋಟಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವು: ಬಾಯಿ ಅಂಡಾಕಾರವಾಗಿರುತ್ತದೆ, ತಳ ಮಾತ್ರ ಸ್ಕೇಲಿಟ್ಟು ಎಳೆದಂತೆ ನೇರವಾಗಿರುತ್ತದೆ. ಲೋಟವು ಮೇಜಿನ ಮೇಲೆ ಸಮತಟ್ಟಾಗಿ ಕುಳಿತಿದೆ ಎಂಬ ತಿಳಿವಳಿಕೆಯು ಕಣ್ಣನ್ನು ಮೀರಿ ಕೈಯನ್ನು ನಡೆಸಿದ್ದರ ಫಲ ಇದು. ಆದ್ದರಿಂದ ಹತ್ತು ವಸ್ತುಗಳನ್ನು ಅರೆಬರೆಯಾಗಿ ಬಿಡಿಸುವುದಕ್ಕಿಂತ, ಹಿಡಿಯಿರುವ ಒಂದು ಬಿಳಿ ಲೋಟವನ್ನು ಆರಿಸಿಕೊಂಡು ಅದನ್ನೇ ಕೊನೆಯವರೆಗೆ ಬಿಡಿಸುವುದು ಲೇಸು. ಅದರ ಮೇಲೆ ಹೂಬಳ್ಳಿಯಾಗಲಿ ಹೊಳಪಾಗಲಿ ಇಲ್ಲದಿದ್ದರೆ ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಸಾಮಗ್ರಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎಚ್‌ಬಿ, 2ಬಿ, 4ಬಿ ಎಂಬ ಮೂರು ಪೆನ್ಸಿಲ್‌ಗಳು ಸಾಕು; ಇದೇ ಕ್ರಮದಲ್ಲಿ ಕಡ್ಡಿ ಹೆಚ್ಚು ಮೆದುವಾಗಿ, ಗೆರೆ ಹೆಚ್ಚು ಕಪ್ಪಾಗುತ್ತಾ ಹೋಗುತ್ತದೆ. ಗ್ರ್ಯಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಮಣ್ಣು ಹೆಚ್ಚಾದಷ್ಟು ಕಡ್ಡಿ ಗಟ್ಟಿಯಾಗಿ ಗೆರೆ ತೆಳುವಾಗುತ್ತದೆ, ಗ್ರ್ಯಾಫೈಟ್ ಹೆಚ್ಚಾದಷ್ಟು ಕಡ್ಡಿ ಮೆದುವಾಗಿ ಗೆರೆ ಕಪ್ಪಾಗುತ್ತದೆ. ಕಾಗದ ತೀರ ನುಣುಪಾಗಿದ್ದರೆ ಗ್ರ್ಯಾಫೈಟ್ ಸರಿಯಾಗಿ ಕೂರುವುದಿಲ್ಲವಾದ್ದರಿಂದ, ಬೆರಳಿಗೆ ಸ್ವಲ್ಪ ತರಿತರಿಯಾಗಿ ಹತ್ತುವ ಡ್ರಾಯಿಂಗ್ ಶೀಟ್ ಇರಲಿ.

ಬೆಳಕು ಒಂದೇ ಕಡೆಯಿಂದ, ಪಕ್ಕದಿಂದ ಮತ್ತು ಸ್ವಲ್ಪ ಮೇಲಿನಿಂದ ಬೀಳಬೇಕು. ಕಿಟಕಿಯಾದರೂ ಆದೀತು, ಟೇಬಲ್ ಲ್ಯಾಂಪ್ ಆದರೂ ಆದೀತು. ಎರಡೂ ಒಟ್ಟಿಗೆ ಬೇಡ. ಎರಡು ಕಡೆಯ ಬೆಳಕಿನಲ್ಲಿ ನೆರಳುಗಳು ಒಂದನ್ನೊಂದು ಅಳಿಸಿಹಾಕುವುದರಿಂದ, ಬಿಡಿಸುವವರಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಈಗ ಅಳತೆ. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ತುದಿಯನ್ನು ಲೋಟದ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚು ಬರುವಲ್ಲಿ ಹೆಬ್ಬೆರಳನ್ನಿಟ್ಟರೆ ಅಗಲ ಸಿಗುತ್ತದೆ. ಅದೇ ಅಳತೆಯನ್ನು ಲಂಬವಾಗಿ ತಿರುಗಿಸಿ, ಎತ್ತರವು ಅಗಲದ ಎಷ್ಟು ಪಾಲು ಎಂದು ನೋಡಬೇಕು. ಮೊಣಕೈ ಸ್ವಲ್ಪ ಮಡಚಿದರೂ, ನಡುವೆ ತಲೆ ಮುಂದೆ ಬಾಗಿದರೂ ಲೆಕ್ಕ ತಪ್ಪುತ್ತದೆ. ಈ ಅನುಪಾತದಲ್ಲಿ ಒಂದು ತೆಳುವಾದ ಚೌಕಟ್ಟು ಹಾಕಿ, ಅದರ ನಡುವೆ ಒಂದು ಲಂಬರೇಖೆ ಎಳೆದುಕೊಂಡರೆ, ಎಡಕ್ಕೂ ಬಲಕ್ಕೂ ಸಮನಾಗಿ ದುಂಡು ತರುವುದು ಸುಲಭವಾಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಬಾಯಿ ಮತ್ತು ತಳದ ಅಂಡಾಕಾರಗಳಿಗೆ. ಲೋಟವನ್ನು ಕೈಯಲ್ಲಿ ಹಿಡಿದು, ಬಾಯಿ ಕಣ್ಣಿನ ಮಟ್ಟಕ್ಕೆ ಬರುವಂತೆ ಮೇಲೆತ್ತಿದರೆ ಅದು ಒಂದು ನೇರ ಗೆರೆಯಾಗಿ ಕಾಣುತ್ತದೆ. ನಿಧಾನವಾಗಿ ಕೆಳಗಿಳಿಸಿದಂತೆ ಆ ಗೆರೆ ತೆರೆದುಕೊಂಡು ದುಂಡಾಗುತ್ತಾ ಹೋಗುತ್ತದೆ. ಮೇಜಿನ ಮೇಲಿರುವ ಲೋಟದ ತಳವು ಬಾಯಿಗಿಂತಲೂ ಕಣ್ಣಿನ ಮಟ್ಟದಿಂದ ಕೆಳಗಿರುವುದರಿಂದ, ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಲೇಬೇಕು. ಹೊಸಬರ ನೇರ ತಳವು ಈ ನಿಯಮಕ್ಕೆ ಪೂರ್ತಿ ವಿರುದ್ಧವಾದದ್ದು. ಕಣ್ಣಿಗೆ ಕಾಣದ ಹಿಂಬದಿಯ ಅರ್ಧವನ್ನೂ ತೆಳುವಾಗಿ ಬಿಡಿಸಿ ಆಮೇಲೆ ಅಳಿಸಬೇಕು. ಅಂಡಾಕಾರದ ಎರಡು ತುದಿಗಳು ಎಂದೂ ಚೂಪಾಗಿರುವುದಿಲ್ಲ, ಕಿರಿದಾಗಿಯಾದರೂ ದುಂಡಗೇ ತಿರುಗುತ್ತವೆ. ಬಿಡಿಸಿದ್ದನ್ನು ಕನ್ನಡಿಯಲ್ಲಿ ನೋಡಿದರೆ, ಅಲ್ಲಿಯವರೆಗೆ ಕಾಣದಿದ್ದ ಓರೆಕೋರೆಗಳು ಥಟ್ಟನೆ ಕಣ್ಣಿಗೆ ಬೀಳುತ್ತವೆ.

ಹಿಡಿಯನ್ನು ಬಿಡಿಸುವಾಗ ಹಿಡಿಯನ್ನೇ ನೋಡಬಾರದು. ಹಿಡಿಗೂ ಲೋಟಕ್ಕೂ ನಡುವೆ ಇರುವ ಖಾಲಿ ಜಾಗದ ಆಕಾರವನ್ನು ಬಿಡಿಸಿದರೆ ಹಿಡಿ ತಾನಾಗಿ ಸರಿಯಾಗಿ ಬರುತ್ತದೆ. ಆ ಖಾಲಿ ಜಾಗ ಹೇಗಿರಬೇಕೆಂಬ ಪೂರ್ವಕಲ್ಪನೆ ಯಾರ ಮನಸ್ಸಿನಲ್ಲೂ ಇರುವುದಿಲ್ಲ.

ಶೇಡಿಂಗ್ ಆರಂಭಿಸುವ ಮುನ್ನ ಕಾಗದದ ಅಂಚಿನಲ್ಲಿ ಐದು ಚೌಕಗಳನ್ನು ಹಾಕಿ, ಖಾಲಿ ಬಿಳಿಯಿಂದ 4ಬಿ ಪೆನ್ಸಿಲ್ಲಿನ ಗಾಢ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ತುಂಬಿಟ್ಟುಕೊಳ್ಳಬೇಕು. ಕಣ್ಣನ್ನು ಅರೆಮುಚ್ಚಿ ಲೋಟವನ್ನು ನೋಡಿದರೆ ಸಣ್ಣ ವಿವರಗಳು ಮಸುಕಾಗಿ, ಬೆಳಕು ಮತ್ತು ನೆರಳಿನ ದೊಡ್ಡ ಪಾಲುಗಳು ಮಾತ್ರ ಉಳಿಯುತ್ತವೆ. ಪ್ರತಿಯೊಂದು ಪಾಲೂ ಯಾವ ಚೌಕಕ್ಕೆ ಹೊಂದುತ್ತದೆ ಎಂದು ಆಗ ತೀರ್ಮಾನಿಸಬಹುದು. ಬೆಳಕಿಗೆ ಎದುರಾದ ಭಾಗದಿಂದ ಆಚೆಗೆ ಸರಿದಂತೆ ಛಾಯೆ ಮೆಲ್ಲಗೆ ಗಾಢವಾಗುತ್ತದೆ, ಆದರೆ ಅತಿ ಗಾಢವಾದ ಪಟ್ಟಿಯು ಲೋಟದ ಅಂಚಿನಲ್ಲಿರುವುದಿಲ್ಲ, ಅದಕ್ಕಿಂತ ಸ್ವಲ್ಪ ಒಳಗಿರುತ್ತದೆ. ಅಂಚಿನ ಬಳಿ ಮೇಜಿನಿಂದ ಪುಟಿದ ಬೆಳಕು ತಾಗಿ ಒಂದು ಮಂಕಾದ ತಿಳಿಛಾಯೆ ಮೂಡುತ್ತದೆ. ಲೋಟ ಉರುಟಾಗಿ ಕಾಣಲು ಮುಖ್ಯ ಕಾರಣ ಈ ತಿಳಿಛಾಯೆಯೇ ಆದರೂ, ಅದನ್ನು ಕಂಡ ಸಂಭ್ರಮದಲ್ಲಿ ಅತಿಯಾಗಿ ಬೆಳಗಿಸಿಬಿಡುವುದು ಸಾಮಾನ್ಯ ತಪ್ಪು. ನೆರಳಿನೊಳಗಿನ ಬೆಳಕು ಬೆಳಕಿನ ಕಡೆಯ ಛಾಯೆಗಿಂತ ಕಪ್ಪಾಗಿಯೇ ಇರಬೇಕು. ಮೇಜಿನ ಮೇಲೆ ಬಿದ್ದ ನೆರಳು ತಳ ತಾಗುವಲ್ಲಿ ಅತ್ಯಂತ ಕಪ್ಪಾಗಿ, ಅಂಚು ಕಡಿದಿಟ್ಟಂತಿರುತ್ತದೆ. ದೂರ ಹೋದಂತೆ ತಿಳಿಯಾಗಿ ಅಂಚು ಕರಗುತ್ತದೆ.

ಛಾಯೆಯನ್ನು ಒಂದೇ ಸಲಕ್ಕೆ ಒತ್ತಿ ತುಂಬದೆ, ಹಗುರವಾದ ಗೆರೆಗಳನ್ನು ಪದರ ಪದರವಾಗಿ ಹಾಕಬೇಕು. ಕಲಿಯುವ ದಿನಗಳಲ್ಲಿ ನಾನು ಎಲ್ಲವನ್ನೂ ಬೆರಳಿನಿಂದ ತಿಕ್ಕಿ ನಯಗೊಳಿಸುತ್ತಿದ್ದೆ. ಕಾಗದವು ಎಣ್ಣೆ ಹಿಡಿದಂತೆ ಹೊಳೆದು, ಆಮೇಲೆ ಹಾಕಿದ ಗೆರೆಯನ್ನು ಹಿಡಿಯುತ್ತಲೇ ಇರಲಿಲ್ಲ. ಬೆರಳಿನ ಜಿಡ್ಡಿನ ಗುರುತು ರಬ್ಬರಿಗೂ ಬಗ್ಗುವುದಿಲ್ಲ. ಕೊನೆಯಲ್ಲಿ ಹೊರಗೆರೆಯನ್ನು ಎದ್ದು ಕಾಣುವಂತೆ ತಿದ್ದುವ ಆಸೆಯನ್ನೂ ತಡೆದುಕೊಳ್ಳಬೇಕು: ಲೋಟದ ನೆರಳಿನ ಬದಿಯು ಅಷ್ಟೇ ಕಪ್ಪಾದ ಹಿನ್ನೆಲೆಯನ್ನು ಸೇರುವಲ್ಲಿ ನಿಜವಾಗಿ ಯಾವ ಗೆರೆಯೂ ಕಾಣುವುದಿಲ್ಲ, ಅಲ್ಲಿ ಎರಡನ್ನೂ ಬೆರೆಯಲು ಬಿಡಬಹುದು.

ಲೋಟ ಕೈಗೆ ಹತ್ತಿದ ಮೇಲೆ ಸ್ಟೀಲ್ ಚಮಚವನ್ನು ಎತ್ತಿಕೊಳ್ಳಬಹುದು. ಅದರಲ್ಲಿ ಛಾಯೆ ಮೆಲ್ಲಗೆ ಬದಲಾಗುವುದಿಲ್ಲ. ಅಚ್ಚ ಬಿಳಿಯ ಪಕ್ಕದಲ್ಲೇ ಕಡುಕಪ್ಪು ಬಂದು ನಿಲ್ಲುತ್ತದೆ, ಚಮಚದ ಗುಳಿಯಲ್ಲಿ ಕಿಟಕಿ ತಲೆಕೆಳಗಾಗಿ ಕಾಣುತ್ತದೆ. ಆ ಪುಟ್ಟ ಕಿಟಕಿಯ ಬಿಳಿಯನ್ನು ಮೊದಲೇ ಗುರುತಿಸಿ, ಅಲ್ಲಿ ಪೆನ್ಸಿಲ್ ಸೋಕಿಸದೆ ಕಾಗದವನ್ನು ಹಾಗೆಯೇ ಖಾಲಿ ಉಳಿಸಬೇಕು.