ಏರು ಹತ್ತೋಕೆ ಸೈಕಲ್ ಸೀಟು ಹೇಗಿರಬೇಕು?

ಬೆಟ್ಟದ ರಸ್ತೆಗೆ ಹೋಗುವ ಮುಂಚೆ ಸೀಟು ಏರಿಸಬೇಕಾ, ಇಳಿಸಬೇಕಾ? ಹೊಸದಾಗಿ ಗೇರ್ ಸೈಕಲ್ ತಗೊಂಡವರು ಸಾಮಾನ್ಯವಾಗಿ ಕೇಳುವುದು ಇದನ್ನೇ. ಎರಡೂ ಬೇಡ. ಸಮತಟ್ಟು ರಸ್ತೆಯಲ್ಲಿ ಎತ್ತರ ಸರಿಯಾಗಿದ್ದರೆ ಏರಿಗೂ ಹೆಚ್ಚುಕಡಿಮೆ ಅದೇ ಸಾಕು. ಮುಟ್ಟಬೇಕಾದ್ದು ಬೇರೆ ಎರಡು: ಸೀಟು ಎಷ್ಟು ಮುಂದಿದೆ ಅನ್ನೋದು, ಅದರ ಮೂತಿ ಮೇಲಕ್ಕಿದೆಯಾ ಕೆಳಕ್ಕಿದೆಯಾ ಅನ್ನೋದು. ಅದೂ ಮಿಲಿಮೀಟರ್ ಲೆಕ್ಕದಲ್ಲಿ.

ಯಾಕೆ ಅಂದರೆ, ನೀವು ಏನೂ ಮಾಡದಿದ್ದರೂ ಏರು ರಸ್ತೆಯೇ ನಿಮ್ಮ ಸೀಟನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಸೈಕಲ್ಲಿನ ಅಳತೆ ಬದಲಾಗುವುದಿಲ್ಲ ನಿಜ, ಆದರೆ ಮುಂದಿನ ಚಕ್ರ ಮೇಲೆದ್ದಾಗ ಇಡೀ ಸೈಕಲ್ಲೇ ಹಿಂದಕ್ಕೆ ವಾಲುತ್ತದೆ, ನಿಮ್ಮ ಭಾರ ಮಾತ್ರ ನೇರ ಕೆಳಕ್ಕೇ ಬೀಳುತ್ತಿರುತ್ತದೆ. ಒಂದು ಲೆಕ್ಕ ಹಾಕಿ. ಪೆಡಲ್ ಸಿಕ್ಕಿಸಿರುವ ತೋಳಿಗೆ ಕ್ರ್ಯಾಂಕ್ ಅನ್ನುತ್ತಾರೆ; ಕ್ರ್ಯಾಂಕಿನ ನಡುವಿನಿಂದ, ಅಂದರೆ ಎರಡೂ ತೋಳು ಸುತ್ತುವ ಅಚ್ಚಿನಿಂದ, ಸೀಟು 70 ಸೆಂ.ಮೀ. ಮೇಲಿದೆ, ಸೀಟಿನ ಪೈಪು 73 ಡಿಗ್ರಿ ಕೋನದಲ್ಲಿದೆ ಅಂತಿಟ್ಟುಕೊಳ್ಳಿ, ರೋಡ್ ಬೈಕುಗಳಲ್ಲಿ ಸುಮಾರಾಗಿ ಹೀಗೇ ಇರುತ್ತದೆ. ನೂರು ಮೀಟರ್ ಹೋಗುವಷ್ಟರಲ್ಲಿ 10 ಮೀಟರ್ ಏರುವ ರಸ್ತೆ, ಅಂದರೆ ಶೇ 10ರ ಏರು ಬಂದಾಗ ಸೈಕಲ್ 5.7 ಡಿಗ್ರಿ ವಾಲುತ್ತದೆ. ಆಗ ಕ್ರ್ಯಾಂಕಿಗೆ ಹೋಲಿಸಿದರೆ ಸೀಟು ಸುಮಾರು 6.5 ಸೆಂ.ಮೀ. ಹಿಂದಕ್ಕೆ ಹೋದ ಹಾಗೆ. ಶೇ 5ರ ಏರಿನಲ್ಲೂ 3 ಸೆಂ.ಮೀ.ಗಿಂತ ಜಾಸ್ತಿ. ಜೊತೆಗೆ ಸೀಟಿನ ಮೂತಿಯೂ ಅಷ್ಟೇ ಡಿಗ್ರಿ ಆಕಾಶ ನೋಡುತ್ತದೆ. ಕಡಿದಾದ ಏರಲ್ಲಿ ಜನ ಸೀಟಿನ ತುದಿಗೆ ಜರುಗಿ, ಹ್ಯಾಂಡಲ್ ಎಳೆದು ಹಿಡಿದು ಒದ್ದಾಡುವುದು ಸುಮ್ಮನೆ ಅಲ್ಲ.

6.5 ಸೆಂ.ಮೀ. ಹೋಯಿತಲ್ಲ, ಅಷ್ಟನ್ನೂ ಮುಂದಕ್ಕೆ ತರೋಣ ಅಂದರೆ ಆಗುವುದಿಲ್ಲ. ಸೀಟಿನ ಕೆಳಗಿನ ಕಂಬಿಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಇದ್ದರೂ ಸಮತಟ್ಟಿನಲ್ಲಿ ಮಂಡಿ, ಅಂಗೈ ಎರಡೂ ಹಾಳು. ಆದ್ದರಿಂದ ಏರಿಗೆ ಸೀಟು ಹೊಂದಿಸುವುದು ಅಂದರೆ ಒಂದು ರಾಜಿ, ಅಷ್ಟೇ.

ಮೊದಲು ಮನೆಯಲ್ಲೇ ಎತ್ತರ ನೋಡಿಕೊಳ್ಳಿ

ಬೇಕಾಗುವ ಸಾಮಾನು ಕಡಿಮೆ: 4, 5, 6 ಮಿ.ಮೀ. ಅಲೆನ್ ಕೀ, ಅಳತೆ ಟೇಪು, ಒಂದು ದಾರ, ಬಣ್ಣದ ಇನ್ಸುಲೇಷನ್ ಟೇಪು. ಯಾವುದನ್ನೂ ಸಡಿಲಿಸುವ ಮುಂಚೆ ಈಗಿರುವ ಜಾಗಕ್ಕೆ ಗುರುತು ಹಾಕಿ. ಸೀಟು ಹೊತ್ತಿರುವ ಕೊಳವೆ, ಅಂದರೆ ಸೀಟ್ ಪೋಸ್ಟ್, ಫ್ರೇಮಿನ ಒಳಗೆ ಇಳಿಯುವ ಕಡೆ ಒಂದು ಸುತ್ತು ಟೇಪು ಸುತ್ತಿದರೆ ಸಾಕು. ಇದನ್ನು ಮಾಡದೆ ಕೀ ಹಾಕಿದರೆ ಆಮೇಲೆ ಹಳೇ ಜಾಗ ಸಿಗುವುದಿಲ್ಲ.

ಸುಲಭದ ವಿಧಾನ ಹಿಮ್ಮಡಿಯದು. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ನೀವು ತುಳಿಯುವಾಗ ಹಾಕುವ ಶೂ ಹಾಕಿಕೊಂಡೇ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ತನ್ನಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಒಂದು ಪಕ್ಕಕ್ಕೆ ಜಾರಬಾರದು. ಆಮೇಲೆ ತುಳಿಯುವ ರೀತಿಯಲ್ಲಿ ಪಾದದ ಮುಂಭಾಗ ಇಟ್ಟರೆ ಮಂಡಿ ತಾನಾಗೇ ಸ್ವಲ್ಪ ಮಡಚುತ್ತದೆ. ಆ ಮಡಚು 25ರಿಂದ 35 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಯಾರಿಗಾದರೂ ಹೇಳಿ ಪಕ್ಕದಿಂದ ಫೋನಲ್ಲಿ ಫೋಟೋ ತೆಗೆಸಿ, ಅಂದಾಜು ಸಿಗುತ್ತದೆ.

ಲೆಕ್ಕ ಬೇಕು ಅನ್ನುವವರಿಗೆ ಅದೂ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ಮಧ್ಯೆ ದಪ್ಪ ಪುಸ್ತಕವೊಂದನ್ನು ಗಟ್ಟಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಉತ್ತರ 70.6 ಸೆಂ.ಮೀ. ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಸೂತ್ರ ಇದು. ಆಗಿನ ಶೂ, ಪೆಡಲ್‌ಗಳಿಗೆ ಮಾಡಿದ ಲೆಕ್ಕವಾದ್ದರಿಂದ ಇವತ್ತು ಮೂರ್ನಾಲ್ಕು ಮಿ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ನನಗಂತೂ ಹಿಮ್ಮಡಿಯ ವಿಧಾನದ ಮೇಲೇ ಜಾಸ್ತಿ ನಂಬಿಕೆ.

ಕನಿಷ್ಠ ಇಷ್ಟಾದರೂ ಒಳಗಿರಬೇಕು ಅಂತ ಪೋಸ್ಟ್ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣಬಾರದು. ಕಂಡರೆ ಪೋಸ್ಟ್ ಉದ್ದ ಸಾಲದು ಅಂತ ಅರ್ಥ, ಬೇರೆ ಹಾಕಿಸಿ. ಫ್ರೇಮ್ ಬಿರುಕು ಬಿಡುವುದು ಹೀಗೇ.

ಹಿಂದೆ ಮುಂದೆ

ಈಗ ಮುಖ್ಯ ವಿಷಯ. ಎರಡೂ ಕ್ರ್ಯಾಂಕ್ ನೆಲಕ್ಕೆ ಸಮನಾಗಿ ಬರುವಂತೆ ನಿಲ್ಲಿಸಿ. ದಾರದ ತುದಿಗೆ ಒಂದು ನಟ್ಟು ಕಟ್ಟಿ, ಮುಂದಿರುವ ಕಾಲಿನ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ಇಳಿಬಿಡಿ. ದಾರ ಪೆಡಲ್ಲಿನ ನಡುಗಂಬಿಯ ಮೇಲೆ ಬಿದ್ದರೆ ಅದು ಸಮತಟ್ಟಿನ ಜಾಗ. ಇದು ಕಲ್ಲಲ್ಲಿ ಕೊರೆದ ನಿಯಮ ಅಲ್ಲ, ಆದರೆ ಶುರು ಮಾಡೋಕೆ ಇದಕ್ಕಿಂತ ಸುಲಭದ ಗುರುತು ಇಲ್ಲ.

ಇಲ್ಲಿಂದ ಏರಿಗಾಗಿ 5 ಮಿ.ಮೀ. ಮುಂದಕ್ಕೆ ತನ್ನಿ. ಅಷ್ಟೇ. ಒಂದೆರಡು ಸಲ ಹತ್ತಿ ನೋಡಿ, ಇನ್ನೂ ಮೂತಿಗೇ ಜರುಗುತ್ತಿದ್ದೀರಿ ಅಂದರೆ ಇನ್ನೊಂದು 5. ಒಟ್ಟು 10 ಮಿ.ಮೀ. ದಾಟಬೇಡಿ. ಕಂಬಿಗಳ ಮೇಲೆ ಸಾಮಾನ್ಯವಾಗಿ ಅಳತೆಯ ಗೆರೆಗಳಿರುತ್ತವೆ, ಎರಡೂ ಕಡೆಯ ತುದಿಯಲ್ಲಿ ಇಲ್ಲಿಂದಾಚೆ ಹೋಗಬೇಡಿ ಅನ್ನುವ ಮಿತಿಯೂ ಇರುತ್ತದೆ.

ಸೀಟು ಮುಂದೆ ಬಂದರೆ ಪೆಡಲ್‌ಗೆ ಹತ್ತಿರವೂ ಆಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. 10 ಮಿ.ಮೀ. ಮುಂದೆ ಅಂದರೆ ಸುಮಾರು 3 ಮಿ.ಮೀ. ಕೆಳಗೆ ಬಂದ ಹಾಗೆ. ಪುಸ್ತಕದ ಲೆಕ್ಕದಲ್ಲಿ ಸೀಟನ್ನು ಅಷ್ಟು ಏರಿಸಿ ಸರಿದೂಗಿಸಬೇಕು. ಆದರೆ ಏರಲ್ಲಿ ತುಳಿತ ನಿಧಾನ ಆದಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಹಿಮ್ಮಡಿ ತಾನಾಗಿ ಕೆಳಗೆ ಇಳಿಯುತ್ತದೆ, ಹಿಮ್ಮಡಿ ಇಳಿದರೆ ಕಾಲು ಇನ್ನಷ್ಟು ಚಾಚಿಕೊಳ್ಳುತ್ತದೆ, ಆಗ ಆ 3 ಮಿ.ಮೀ. ಕಡಿಮೆ ಇದ್ದರೇ ಆರಾಮ. ಹಿಂದಿನಿಂದ ಬರುವ ಗೆಳೆಯರಿಗೆ ನಿಮ್ಮ ಹಿಮ್ಮಡಿ ನೋಡೋಕೆ ಹೇಳಿ. ಇಳಿಯುತ್ತಿದ್ದರೆ ಎತ್ತರ ಹಾಗೇ ಬಿಡಿ, ಬೆರಳ ತುದಿಯಲ್ಲೇ ತುಳಿಯುವವರಾದರೆ ಏರಿಸಿ.

ಹಳಬರು ಇದಕ್ಕೆ ತಕರಾರು ತೆಗೆಯುತ್ತಾರೆ. ಏರಲ್ಲಿ ಸೀಟಿನ ಹಿಂಭಾಗಕ್ಕೆ ಸರಿದು ಕೂತು, ತೊಡೆ ಮತ್ತು ಪೃಷ್ಠದ ಬಲದಿಂದ ದೊಡ್ಡ ಗೇರನ್ನು ನಿಧಾನಕ್ಕೆ ತಳ್ಳಬೇಕು ಅನ್ನೋದು ರೋಡ್ ರೇಸಿನವರ ಹಳೇ ಪಾಠ. ಶೇ 4–5ರ ಉದ್ದನೆಯ ಏರಿನಲ್ಲಿ, ಉದ್ದ ಕಾಲಿನವರಿಗೆ ಅದು ಚೆನ್ನಾಗೇ ನಡೆಯುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ ರಸ್ತೆಯ ಸುಮಾರು ಭಾಗ ಹಾಗೇ ಹತ್ತಬಹುದು. ಆದರೆ ಮುಳ್ಳಯ್ಯನಗಿರಿ ಥರದ ಕಡೆ, 1930 ಮೀಟರ್ ಎತ್ತರದ ಆ ಶಿಖರದ ಹತ್ತಿರದ ಕಡಿದಾದ ಕಿರಿದಾದ ರಸ್ತೆಯಲ್ಲಿ ಹಿಂದೆ ಸರಿದು ಕೂತರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡೋಕೆ ಶುರು ಮಾಡುತ್ತದೆ. ಆದ್ದರಿಂದ ನೀವು ಹೋಗುವ ಏರು ಯಾವುದು ಅನ್ನೋದನ್ನು ನೋಡಿ ನಿರ್ಧಾರ ಮಾಡಿ. ಈಗಿನ ಮೌಂಟನ್ ಬೈಕ್ ಮಾಡುವವರು ಸೀಟಿನ ಪೈಪಿನ ಕೋನವನ್ನೇ 76–77 ಡಿಗ್ರಿಗೆ ತಂದು ಸವಾರನನ್ನು ಮುಂದೆ ಕೂರಿಸುತ್ತಿರುವುದು ಕಡಿದಾದ ಏರಿಗಾಗಿಯೇ. ಹಳೇ ಮೌಂಟನ್ ಬೈಕ್ ಇದ್ದರೆ, ಅದರ ಕೋನ 71–73 ಇರುತ್ತದಾದ್ದರಿಂದ, ಸೀಟು ಮುಂದೆ ತರುವ ಅಗತ್ಯ ಅದಕ್ಕೇ ಹೆಚ್ಚು.

ಮೂತಿ ಎಷ್ಟು ಬಗ್ಗಿಸಬೇಕು

ಸೈಕಲ್ಲನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ. ಸೀಟಿನ ಮೇಲೆ ಒಂದು ಗಟ್ಟಿ ರಟ್ಟು ಇಟ್ಟು ಅದರ ಮೇಲೆ ರಸಮಟ್ಟ ಇಡಿ, ಇಲ್ಲದಿದ್ದರೆ ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್ ಸಾಕು. ಮೊದಲು ಸೊನ್ನೆಗೆ ತನ್ನಿ. ಆಮೇಲೆ ಮೂತಿಯನ್ನು 1 ಡಿಗ್ರಿ ಕೆಳಕ್ಕೆ, ಬೇಕೆನಿಸಿದರೆ 2. ಇಷ್ಟು ಸಣ್ಣ ಬದಲಾವಣೆಯಿಂದ ಏನಾದೀತು ಅನ್ನಿಸಬಹುದು. ಆದರೆ ತೊಡೆಸಂದಿನ ಮರಗಟ್ಟುವಿಕೆ ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತದೆ.

ಹೆಚ್ಚು ಬಗ್ಗಿಸಿದರೆ ಇನ್ನೊಂದು ಪಜೀತಿ. ಸಮತಟ್ಟಿಗೆ ಬಂದ ಕೂಡಲೇ ಮುಂದಕ್ಕೆ ಜಾರುತ್ತೀರಿ, ಜಾರದ ಹಾಗೆ ಅಂಗೈ ಊರಿ ತಡೆಯುತ್ತೀರಿ, ಸ್ವಲ್ಪ ಹೊತ್ತಿಗೆಲ್ಲ ಕಿರುಬೆರಳು ಜುಮ್ ಅನ್ನುತ್ತದೆ. ಅಂಗೈ ನೋವಿಗೆ ಗ್ಲೌಸ್ ತರುವ ಮುಂಚೆ ಸೀಟಿನ ಮೂತಿ ನೋಡಿ.

ಹ್ಯಾಂಡಲ್ ದೂರ ಆಯಿತು ಅಂತ ಸೀಟು ಮುಂದೆ ತರುವವರೂ ಇದ್ದಾರೆ. ಅದು ತಪ್ಪು ಮದ್ದು. ಹ್ಯಾಂಡಲ್ ದೂರ ಇದ್ದರೆ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ತುಂಡು) ಹಾಕಿಸಿ. ಸೀಟಿನ ಜಾಗ ನಿರ್ಧಾರ ಮಾಡುವುದು ಕಾಲು, ಕೈ ಅಲ್ಲ.

ಬಿಗಿ ಮಾಡುವಾಗ ಸ್ವಲ್ಪ ಹುಷಾರು. ಕಾರ್ಬನ್ ಪೋಸ್ಟ್ ಆದರೆ ಅದನ್ನು ಹಿಡಿದಿರುವ ಪಟ್ಟಿ, ಅಂದರೆ ಕ್ಲಾಂಪ್ ಮೇಲೆ ಎಷ್ಟು ನ್ಯೂಟನ್ ಮೀಟರ್ ಬಿಗಿ ಬೇಕು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 4ರಿಂದ 6. ಆ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಅದನ್ನು ಮುಟ್ಟಬೇಡಿ, ಗ್ರೀಸೂ ಹಚ್ಚಬೇಡಿ, ಅದಕ್ಕೆ ಬೇರೆ ಪೇಸ್ಟ್ ಇದೆ. ಅಲ್ಯುಮಿನಿಯಂ, ಸ್ಟೀಲ್ ಪೋಸ್ಟಿಗೆ ಮಾತ್ರ ತೆಳ್ಳಗೆ ಗ್ರೀಸ್ ಬೇಕೇ ಬೇಕು, ಮಲೆನಾಡಿನ ಮಳೆಗೆ ಸಿಕ್ಕರೆ ಒಳಗೇ ಕಚ್ಚಿಕೊಂಡು ಕೂರುತ್ತದೆ.

ಏರಲ್ಲೇ ಪರೀಕ್ಷೆ ಮಾಡಿ

ಮನೆ ಮುಂದೆ ಎರಡು ಸುತ್ತು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಕಿಲೋಮೀಟರಿನಷ್ಟಾದರೂ ಏರು ಬೇಕು, ಪೂರ್ತಿ ಕೂತೇ ಹತ್ತಬೇಕು. ಬೆಂಗಳೂರಿನವರಿಗೆ ನಂದಿ ಬೆಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. 1478 ಮೀಟರ್ ಎತ್ತರದ ಬೆಟ್ಟ, ಬುಡದಿಂದ ಏಳೆಂಟು ಕಿ.ಮೀ. ಏರು, ಕೊನೆಯ ಭಾಗ ಹೆಚ್ಚು ಕಡಿದು. ಕೆಳಗಿನ ಭಾಗದಲ್ಲೇ ಒಂದು ಕಿಲೋಮೀಟರ್ ಹತ್ತಿ, ಇಳಿದು ಬಂದು, ಒಂದೇ ಒಂದು ಬದಲಾವಣೆ ಮಾಡಿ, ಮತ್ತೆ ಹತ್ತಿ. ಎರಡು ಬೋಲ್ಟು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಮೈ ಏನು ಹೇಳುತ್ತದೆ ಕೇಳಿ. ಮಂಡಿಯ ಮುಂಭಾಗ ನೋವು ಬಂದರೆ ಸೀಟು ತಗ್ಗಿದೆ ಅಥವಾ ತೀರಾ ಮುಂದಿದೆ. ಮಂಡಿಯ ಹಿಂದೆ ಎಳೆದ ಹಾಗಾದರೆ ಎತ್ತರ ಜಾಸ್ತಿ, ಇಲ್ಲವೇ ತುಂಬಾ ಹಿಂದಿದೆ. ಸೊಂಟ ಅತ್ತ ಇತ್ತ ಓಲಾಡುತ್ತಿದ್ದರೆ ಅನುಮಾನವೇ ಬೇಡ, 3 ಮಿ.ಮೀ. ಇಳಿಸಿ. ಒಂದು ಮಾತ್ರ ನೆನಪಿಡಿ, ಮಂಡಿ ನೋವಿಗೆಲ್ಲ ಸೀಟೇ ಕಾರಣ ಅಲ್ಲ. ನಿಮಿಷಕ್ಕೆ 60 ಸುತ್ತೂ ತುಳಿಯೋಕೆ ಆಗದ ಭಾರದ ಗೇರಿನಲ್ಲಿ ಹತ್ತುತ್ತಿದ್ದರೆ ಯಾವ ಸೀಟೂ ಕಾಪಾಡುವುದಿಲ್ಲ. ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ಗೇರ್ ಇರುವ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ದುಬಾರಿ ಸೀಟಿಗಿಂತ ಆ ದುಡ್ಡು ಜಾಸ್ತಿ ಕೆಲಸ ಮಾಡುತ್ತದೆ.

ಹತ್ತಿದವರು ಇಳಿಯಲೂ ಬೇಕಲ್ವಾ

ಇಳಿಜಾರಲ್ಲಿ ಎಲ್ಲ ತಿರುಗುಮುರುಗು. ಭಾರ ಮುಂದಕ್ಕೆ ಬೀಳುತ್ತದೆ, ಎತ್ತರದ ಸೀಟು ಹಿಂದೆ ಸರಿಯೋಕೆ ಅಡ್ಡ ಬರುತ್ತದೆ. ಡಾಂಬರು ರಸ್ತೆಯಲ್ಲಿ ಸೀಟು ಇಳಿಸಬೇಕಾಗಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗಲೂ ಸೀಟಿಗಿಂತ ಮುಖ್ಯ ಪಾದ: ತಿರುವಿನ ಹೊರಬದಿಯ ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಹಾಕಿ, ಸೀಟಿನ ಮೇಲೆ ಹಗುರಾಗಿ ಹಿಂದಕ್ಕೆ ಕೂರಿ, ಬ್ರೇಕ್ ಕೆಲಸ ತಿರುವಿನ ಮುಂಚೆಯೇ ಮುಗಿಸಿ.

ಮಣ್ಣುದಾರಿ, ಎಸ್ಟೇಟ್ ರಸ್ತೆ ಆದರೆ ಇಳಿಸಲೇಬೇಕು. ಕ್ಯಾಲಿಫೋರ್ನಿಯಾದ ಟಮಲ್‌ಪೈಸ್ ಬೆಟ್ಟದಲ್ಲಿ 1970ರ ದಶಕದಲ್ಲಿ ಹಳೇ ಸೈಕಲ್ಲುಗಳನ್ನು ಮಣ್ಣುದಾರಿಯಲ್ಲಿ ಇಳಿಸಿ ಆಡುತ್ತಿದ್ದ ಹುಡುಗರ ತಲೆನೋವೂ ಇದೇ ಆಗಿತ್ತು. ಅವರಲ್ಲೊಬ್ಬರಾದ ಜೋ ಬ್ರೀಜ್, ಜೋಶ್ ಏಂಜೆಲ್ ಜೊತೆ ಸೇರಿ 1984ರಲ್ಲಿ ಹೈಟ್-ರೈಟ್ ಅನ್ನುವ ಸ್ಪ್ರಿಂಗ್ ತಂದರು, ಲಿವರ್ ಬಿಟ್ಟು ಮೈಭಾರದಿಂದ ಒತ್ತಿದರೆ ಸೀಟು ಇಳಿಯುತ್ತಿತ್ತು, ಎದ್ದರೆ ಸ್ಪ್ರಿಂಗೇ ಮೇಲಕ್ಕೆ ತರುತ್ತಿತ್ತು. ಈಗ ಹ್ಯಾಂಡಲ್ ಮೇಲಿನ ಲಿವರ್ ಒತ್ತಿದರೆ ಇಳಿಯುವ ಡ್ರಾಪರ್ ಪೋಸ್ಟ್ ಸಿಗುತ್ತದೆ. ಅದಿಲ್ಲದಿದ್ದರೆ ಕೀ ಇಲ್ಲದೆ ಕೈಯಲ್ಲೇ ಸಡಿಲಿಸುವ ಕ್ವಿಕ್ ರಿಲೀಸ್ ಕ್ಲಾಂಪ್ ಹಾಕಿಸಿ, ತುದಿಯಲ್ಲಿ ನಿಂತು ಮೂರ್ನಾಲ್ಕು ಸೆಂ.ಮೀ. ಇಳಿಸಿ. ಮೊದಲೇ ಸುತ್ತಿದ ಟೇಪಿನ ಗುರುತು ಇದ್ದರೆ ಕೆಳಗೆ ಬಂದು ಮತ್ತೆ ಅದೇ ಎತ್ತರಕ್ಕೆ ತರೋದು ಸುಲಭ. ತಗ್ಗಿಸಿದ ಸೀಟಲ್ಲೇ ಊರಿನವರೆಗೆ ತುಳಿದುಕೊಂಡು ಬರಬೇಡಿ, ಮಂಡಿ ಅದನ್ನು ಕ್ಷಮಿಸುವುದಿಲ್ಲ.

ಗೇರಿಲ್ಲದ ಹಳೇ ಸೈಕಲ್ ಇದ್ದರೆ

ಹಳ್ಳಿಗಳಲ್ಲಿ ಈಗಲೂ ಓಡಾಡುವ ಕಪ್ಪು ಸೈಕಲ್ಲಿನ ಸೀಟಿನ ಪೈಪು ಮೊದಲೇ ಜಾಸ್ತಿ ವಾಲಿರುತ್ತದೆ. ಸಮತಟ್ಟಿನಲ್ಲಿ ನೆಟ್ಟಗೆ ಕೂತು ಆರಾಮಾಗಿ ಹೋಗೋಕೆ ಮಾಡಿದ್ದು ಅದು. ಏರಿಗೆ ಬಂದರೆ ಸವಾರ ಪೆಡಲ್‌ಗಿಂತ ತುಂಬಾ ಹಿಂದೆ ಬೀಳುತ್ತಾನೆ. ಆದ್ದರಿಂದ ಇಲ್ಲಿ ಮಿಲಿಮೀಟರ್ ಲೆಕ್ಕ ಬಿಡಿ, ಸೀಟನ್ನು ಕಂಬಿ ಬಿಟ್ಟಷ್ಟೂ ಮುಂದಕ್ಕೆ ತನ್ನಿ. ಸೀಟಿನ ಕೆಳಗೆ ಎರಡೂ ಪಕ್ಕ ನಟ್ಟಿರುವ ಕ್ಲಾಂಪನ್ನು ಬಿಚ್ಚಿ ಹಿಂದುಮುಂದಾಗಿ ಹಾಕಿದರೆ ಇನ್ನೊಂದೆರಡು ಸೆಂ.ಮೀ. ಸಿಗುತ್ತದೆ, ಸೈಕಲ್ ಶಾಪಿನಲ್ಲಿ ಐದು ನಿಮಿಷದ ಕೆಲಸ. ಕ್ಲಾಂಪಿನ ಒಳಗೆ ಹಲ್ಲುಗಳಿರುವುದರಿಂದ ಒಂದೆರಡು ಡಿಗ್ರಿ ಬಗ್ಗಿಸೋಕೆ ಬರುವುದಿಲ್ಲ. ಮಟ್ಟಕ್ಕೆ ಹತ್ತಿರದ ಹಲ್ಲು ಯಾವುದೋ ಅಲ್ಲಿಗೆ ಕೂರಿಸಿ, ಎರಡೂ ನಟ್ಟು ಸಮಸಮ ಬಿಗಿ ಮಾಡಿ. ಒಂದೇ ಪಕ್ಕ ಬಿಗಿಯಾದರೆ ಮೊದಲ ಗುಂಡಿಯಲ್ಲೇ ಮೂತಿ ಎದ್ದು ನಿಲ್ಲುತ್ತದೆ.

ಯಾವ ಸೈಕಲ್ಲೇ ಆಗಲಿ, ಹೊಸದಾಗಿ ಹೊಂದಿಸಿದ ಮೇಲೆ ಇಪ್ಪತ್ತು ಮೂವತ್ತು ಕಿ.ಮೀ. ತುಳಿದು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿದೆಯಾ ನೋಡಿ. ಸೀಟಿನ ಎತ್ತರ, ಮೂತಿಯಿಂದ ಹ್ಯಾಂಡಲ್‌ಗಿರುವ ದೂರ, ಮೂತಿಯ ಡಿಗ್ರಿ, ಈ ಮೂರನ್ನೂ ಫೋನಲ್ಲಿ ಬರೆದಿಟ್ಟುಕೊಳ್ಳಿ. ಸರ್ವಿಸಿಗೆ ಬಿಟ್ಟಾಗ ಸೀಟು ಬಿಚ್ಚುತ್ತಾರೆ, ವಾಪಸ್ ಹಾಕುವಾಗ ಅಂದಾಜಿನಲ್ಲಿ ಹಾಕುತ್ತಾರೆ.