ಪ್ರೂಫ್ ಸವರನ್ ಕೂಡಿಡೋದು ಹೇಗೆ? ಅಂಟುವಾಳ, ಒರೆಗಲ್ಲು ಎರಡನ್ನೂ ದೂರ ಇಡಿ

ನಮ್ ಕಡೆ ಸವರನ್ ಅಂದ್ರೆ ಎಂಟು ಗ್ರಾಂ ಚಿನ್ನ ಅಂತ ಲೆಕ್ಕ, ಆದ್ರೆ ಅಸಲಿಗೆ ಅದು ಬ್ರಿಟನ್ನಿನ ನಾಣ್ಯ, ಅಲ್ಲಿನ ರಾಯಲ್ ಮಿಂಟ್ ಈಗ್ಲೂ ಅಚ್ಚು ಹಾಕ್ತಾ ಇದೆ. ತೂಕ 7.98 ಗ್ರಾಂ, ಅಗಲ 22 ಮಿಲಿಮೀಟರ್ ಚಿಲ್ಲರೆ, ಅಂಗಡಿಯವರು 916 ಅಂತಾರಲ್ಲ ಅದೇ 22 ಕ್ಯಾರೆಟ್, ಅಪ್ಪಟ ಚಿನ್ನ 7.32 ಗ್ರಾಂ. ಪ್ರೂಫ್ ಸವರನ್ನಲ್ಲೂ ಇಷ್ಟೇ, ಒಂದು ಗುಲಗಂಜಿನೂ ಜಾಸ್ತಿ ಇರಲ್ಲ. ನೀವು ಮೇಲೆ ಕೊಡೋ ದುಡ್ಡೆಲ್ಲ ಅದರ ಮೈಗೆ, ಆ ಮೈ ಹಾಳಾದ್ರೆ ಕೈಯಲ್ಲಿ ಉಳಿಯೋದು ಬರೀ ಚಿನ್ನದ ರೇಟು.

ಮೊದ್ಲು ಪ್ರೂಫ್ ಅಂದ್ರೇನು ತಿಳ್ಕೊಳ್ಳಿ

ತುಂಬಾ ಜನ ಪ್ರೂಫ್ ಅಂದ್ರೆ ಒಳ್ಳೆ ಕಂಡೀಶನ್ ಅನ್ಕೊಂಡಿದಾರೆ, ಹಂಗಲ್ಲ, ಅದು ನಾಣ್ಯ ತಯಾರಿಸೋ ರೀತಿ. ಅಚ್ಚನ್ನೂ ಬಿಲ್ಲೆಯನ್ನೂ ಪಾಲಿಶ್ ಮಾಡಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿರ್ತಾರೆ, ಅದಕ್ಕೇ ಖಾಲಿ ಜಾಗದಲ್ಲಿ ನಿಮ್ಮ ಮುಖ ಕಾಣತ್ತೆ, ನಾಣ್ಯದ ಮೇಲಿನ ಚಿತ್ರ, ಅಂದ್ರೆ ಸೇಂಟ್ ಜಾರ್ಜ್ ಮತ್ತೆ ಅವನ ಕುದುರೆ ಮಾತ್ರ ಮಬ್ಬಾಗಿ ಎದ್ದು ನಿಲ್ಲತ್ತೆ. ಈ ವ್ಯತ್ಯಾಸ ಚೆನ್ನಾಗಿದ್ರೆ ಕ್ಯಾಮಿಯೊ ಅಂತಾರೆ, ಇನ್ನೂ ಗಾಢವಾಗಿದ್ರೆ, ನಾಣ್ಯ ಪರೀಕ್ಷಿಸಿ ಗ್ರೇಡ್ (ದರ್ಜೆ) ಕೊಡೋ ಎರಡು ಕಂಪನಿಗಳಲ್ಲಿ ಪಿಸಿಜಿಎಸ್‌ನವರು ಡೀಪ್ ಕ್ಯಾಮಿಯೊ ಅಂತ ಬರೀತಾರೆ, ಎನ್‌ಜಿಸಿಯವರು ಅಲ್ಟ್ರಾ ಕ್ಯಾಮಿಯೊ ಅಂತಾರೆ.

ಯಾವುದ್ರಿಂದ ಶುರು ಮಾಡೋದು

ನನ್ನ ಕೇಳಿದ್ರೆ 1980ರ ದಶಕದ ಪ್ರೂಫ್‌ಗಳಿಂದ. 1983ರಿಂದ 1999ರವರೆಗೆ ಸವರನ್ ಬಂದಿದ್ದೇ ಪ್ರೂಫ್ ಆಗಿ, ಮಾಮೂಲಿ ಬುಲಿಯನ್ ಸವರನ್ (ಚಿನ್ನದ ಬೆಲೆಗೆ ಅಂತ ಕೊಳ್ಳೋದು) ಮತ್ತೆ ಶುರುವಾಗಿದ್ದು 2000ದಲ್ಲಿ. ಅದರಲ್ಲಿ 1989ರದ್ದು, ಮೊದಲ ಸವರನ್ ಬಂದು 500 ವರ್ಷ ಆಯ್ತು ಅಂತ ರಾಣಿ ಎರಡನೇ ಎಲಿಜಬೆತ್ ಸಿಂಹಾಸನದ ಮೇಲೆ ಕೂತಿರೋ ಹಾಗೆ ಮಾಡಿದ್ದು, ಎಲ್ಲರಿಗೂ ಬೇಕು, ಹಾಗಾಗಿ ರೇಟೂ ಹಂಗೇ ಇದೆ. 1937ರ ಆರನೇ ಜಾರ್ಜ್ ಸವರನ್ ಪ್ರೂಫ್ ಸೆಟ್‌ನಲ್ಲಿ ಮಾತ್ರ ಬಂದಿದ್ದು, ಒಟ್ಟು 5,501 ಸೆಟ್, ಅಂಚಿನಲ್ಲಿ ಗೀರುಹಲ್ಲು ಇಲ್ಲ, ನುಣ್ಣಗೆ. ಅದು ಹೊಸಬರ ಬಜೆಟ್‌ಗೆ ಅಲ್ಲ ಬಿಡಿ. ಇನ್ನು 1918ರಲ್ಲಿ ಬಾಂಬೆ ಮಿಂಟ್‌ನಲ್ಲೂ ಸವರನ್ ಹೊಡೆದಿದಾರೆ, ತಾರೀಖಿನ ಮೇಲೆ ನೆಲದ ಗೆರೆಯಲ್ಲಿ ಪುಟ್ಟದಾಗಿ ‘ಐ’ ಅಕ್ಷರ ಇರತ್ತೆ. ಅವು ಪ್ರೂಫ್ ಅಲ್ಲ, ಚಲಾವಣೆಗೆ ಮಾಡಿದ್ದು, ಆದ್ರೂ ಅಜ್ಜಿ ಕಾಲದ ಕಾಸಿನ ಸರದಲ್ಲಿ ಸವರನ್ ಇದ್ರೆ ಒಂದ್ಸಲ ಲೆನ್ಸ್ ಹಿಡಿದು ನೋಡಿ. ಕೊಂಡಿ ಬೆಸೆದಿದ್ರೆ ಮಾತ್ರ ಕೀಳಿಸೋಕೆ ಹೋಗ್ಬೇಡಿ, ಕಿತ್ತ ಗುರುತು ಅಂಚಲ್ಲಿ ಉಳಿದೇ ಉಳಿಯತ್ತೆ.

ತಗೊಳ್ಳೋ ಮುಂಚೆ ನೋಡೋದು

ಟೇಬಲ್ ಮೇಲೆ ಮೆತ್ತನೆ ಬಟ್ಟೆ ಹಾಸಿ, ರೂಮಿನ ಲೈಟೆಲ್ಲ ಆರಿಸಿ ಒಂದೇ ಒಂದು ಟೇಬಲ್ ಲ್ಯಾಂಪ್ ಹಾಕ್ಕೊಳ್ಳಿ. ನಾಣ್ಯವನ್ನ ಹೆಬ್ಬೆರಳು ತೋರುಬೆರಳಲ್ಲಿ ಅಂಚು ಮಾತ್ರ ಹಿಡಿದು ನಿಧಾನಕ್ಕೆ ವಾಲಿಸ್ತಾ ಹೋಗಿ, ನೇರವಾಗಿ ನೋಡಿದ್ರೆ ಏನೂ ಕಾಣಲ್ಲ, ಯಾವುದೋ ಒಂದು ಕೋನಕ್ಕೆ ಬಂದಾಗ ಕನ್ನಡಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಒಟ್ಟಿಗೆ ಮಿಂಚತ್ವೆ, ಎಲ್ಲ ಒಂದೇ ದಿಕ್ಕಿಗೆ ಇದ್ರೆ ಯಾರೋ ಒರೆಸಿದಾರೆ ಅಂತಾನೇ ಅರ್ಥ. ಇದೇ ಹೇರ್‌ಲೈನ್, ಪ್ರೂಫ್‌ಗಳ ಗ್ರೇಡ್ ಬೀಳೋದು ಹೆಚ್ಚಾಗಿ ಇದರಿಂದ್ಲೇ. ಅಲ್ಲಲ್ಲಿ ಕೆಂಪು ಚುಕ್ಕೆ ಇದ್ರೆ ಅದು ಬೆರೆಸಿದ ತಾಮ್ರದ್ದು, ನಕಲಿ ಅಂತ ಹೆದರಬೇಡಿ. ನೋಡುವಾಗ ಮಾತಾಡ್ಬೇಡಿ, ಒಂದು ಹನಿ ಎಂಜಲು ಹಾರಿದ್ರೂ ಕಲೆ ಆಗ್ಬಹುದು. ತೂಕದ ಮೆಶಿನ್, ಅಗಲ ಅಳೆಯೋ ಕ್ಯಾಲಿಪರ್ ಎರಡೂ ಇಟ್ಕೊಳ್ಳಿ. ಅಸಲಿನಾ ಅಂತ ಅನುಮಾನ ಬಂದ್ರೆ ಕ್ಯಾರೆಟ್ ಮೀಟರ್ (ಚಿನ್ನಕ್ಕೆ ಗೀರು ಬೀಳದ ಹಾಗೆ ಶುದ್ಧತೆ ಅಳೆಯೋ ಮೆಶಿನ್) ಇರೋ ಕಡೆ ಟೆಸ್ಟ್ ಮಾಡ್ಸಿ, ಒರೆಗಲ್ಲಿಗೆ ತಿಕ್ಕೋಕೆ ಕೊಟ್ರೆ ಅಲ್ಲಿಗೆ ಮುಗೀತು.

ಗ್ರೇಡಿಂಗ್

ಗ್ರೇಡ್ ಕೊಡೋದು 1ರಿಂದ 70ರವರೆಗಿನ ಶೆಲ್ಡನ್ ಸ್ಕೇಲ್ ಅನ್ನೋ ಅಂಕದ ಲೆಕ್ಕದಲ್ಲಿ. ಎನ್‌ಜಿಸಿ ಪ್ರೂಫ್‌ಗೆ ಪಿಎಫ್ ಅಂತ ಹಾಕತ್ತೆ, ಪಿಸಿಜಿಎಸ್ ಪಿಆರ್ ಅಂತ. 70 ಅಂದ್ರೆ ಐದು ಪಟ್ಟು ದೊಡ್ಡದು ಮಾಡಿ ನೋಡಿದ್ರೂ ದೋಷ ಕಾಣಬಾರದು. ಇತ್ತೀಚಿನ ಪ್ರೂಫ್‌ಗಳು ಬಹುಪಾಲು 69 ಇಲ್ಲ 70 ಬರತ್ವೆ, ಈ ಎರಡರ ಮಧ್ಯ ಬೆಲೆ ವ್ಯತ್ಯಾಸ ಜಾಸ್ತಿ, ಕಣ್ಣಿಗೆ ಕಾಣೋ ವ್ಯತ್ಯಾಸ ಮಾತ್ರ ಇಲ್ಲವೇ ಇಲ್ಲ ಅನ್ನಬಹುದು, ನಾನಂತೂ 69 ತಗೊಂಡು ಉಳಿದ ದುಡ್ಡಲ್ಲಿ ಇನ್ನೊಂದು ನಾಣ್ಯ ನೋಡಿ ಅಂತೀನಿ. ತೊಳೆದದ್ದು, ಕೊಂಡಿ ಕಿತ್ತದ್ದು ಕಳಿಸಿದ್ರೆ ನಂಬರ್ ಕೊಡಲ್ಲ, ಡೀಟೇಲ್ಸ್ ಅಂತ ಬರೆದು ವಾಪಸ್ ಕಳಿಸ್ತಾರೆ. ಸ್ಲ್ಯಾಬ್ (ಗ್ರೇಡ್ ಕೊಟ್ಟ ಕಂಪನಿ ಸೀಲ್ ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಹಾಕಿರೋದು ತಗೊಳ್ತಿದ್ರೆ ಸರ್ಟಿಫಿಕೇಟ್ ನಂಬರನ್ನ ಅವರದೇ ಸೈಟಲ್ಲಿ ಹಾಕಿ, ಫೋಟೋ ಇದ್ರೆ ಅದನ್ನೂ ಹೋಲಿಸಿ ನೋಡಿ, ಸ್ಲ್ಯಾಬೂ ನಕಲಿ ಮಾಡ್ತಾರೆ ಈಗ.

ಇಡೋದು, ತೋರಿಸೋದು

ಒಡವೆ ಥರ ಅಂಟುವಾಳದ ನೀರು, ಹುಣಸೆಹಣ್ಣು, ಬ್ರಶ್ ಯಾವುದೂ ಬೇಡ, ಮೆತ್ತನೆ ಬಟ್ಟೆಯಲ್ಲಿ ಒರೆಸೋದೂ ಬೇಡ. ಅಳತೆಗೆ ಸರಿಯಾದ ಅಕ್ರಿಲಿಕ್ ಕ್ಯಾಪ್ಸೂಲ್ (ನಾಣ್ಯ ಇಡೋ ಗುಂಡನೆ ಪಾರದರ್ಶಕ ಡಬ್ಬಿ) ತಗೊಳ್ಳಿ, ಸಡಿಲ ಇದ್ರೆ ಒಳಗೇ ಅಲ್ಲಾಡಿ ಗೀರು ಬೀಳತ್ತೆ. ಮೆತ್ತಗೆ ಬಾಗೋ ಪ್ಲಾಸ್ಟಿಕ್ ಕವರ್ ಪಿವಿಸಿದು ಆಗಿದ್ರೆ ವರ್ಷ ಕಳೆದಂಗೆ ಹಸಿರು ಜಿಡ್ಡು ಬಿಡತ್ತೆ, ಅದರಲ್ಲಿ ಇಡಬೇಡಿ. ಶೋಕೇಸಲ್ಲಿ ಇಡೋ ಆಸೆ ಇದ್ರೆ ಕ್ಯಾಪ್ಸೂಲ್ ಸಮೇತ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಸಣ್ಣ ಎಲ್‌ಇಡಿ ಒಂದು ಪಕ್ಕದಿಂದ ಬೀಳ್ಲಿ, ನೇರ ಮೇಲಿಂದ ಬಿಟ್ರೆ ಬರೀ ಹೊಳಪು, ಕುದುರೆ ಕಾಣಲ್ಲ. ಬಂದವರಿಗೆ ಒಂದೆರಡು ತೋರಿಸಿ ಸಾಕು, ಉಳಿದಿದ್ದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಲಾಕರ್‌ಗೆ. ಮಿಂಟ್ ಕೊಟ್ಟ ಡಬ್ಬಿ, ಸರ್ಟಿಫಿಕೇಟ್ ಬಿಸಾಕಬೇಡಿ, ಮಾರುವಾಗ ಅವೂ ಲೆಕ್ಕಕ್ಕೆ ಬರತ್ವೆ.

ಬಿಲ್ಲು, ಎರಡೂ ಬದಿಯ ಫೋಟೋ, ಸರ್ಟಿಫಿಕೇಟ್ ನಂಬರ್ ಒಂದು ಫೈಲ್‌ನಲ್ಲಿ ಹಾಕಿಡಿ, ಜೊತೆಗೆ ಮನೆಯವರಿಗೂ ಹೇಳಿ: ಚಿನ್ನದಂಗಡಿಗೆ ಒಯ್ದರೆ ತೂಕದ ರೇಟಷ್ಟೇ ಸಿಗೋದು, ಮಾರೋದಿದ್ರೆ ನಾಣ್ಯದ ಡೀಲರ್ ಹತ್ರ ಇಲ್ಲ ಹರಾಜಿಗೆ ಕೊಡಿ ಅಂತ.