ದಾಸವಾಳದ ಬಿಳಿ ಹಿಟ್ಟು, ಕೊಂಬೆಯ ಕೆಂಪು ಅರಗು: ಗುರುತಿಸುವುದು ಹೇಗೆ?

ಮುಂಬೈ ಕಡೆಯ ಮುಲುಂಡ್, ಡೊಂಬಿವಲಿಯಲ್ಲಿ ನಮ್ಮವರ ಬಾಲ್ಕನಿ ಅಂದಮೇಲೆ ಒಂದು ದಾಸವಾಳದ ಕುಂಡ ಇದ್ದೇ ಇರುತ್ತದೆ, ಅಲ್ವಾ? ಮಳೆಗಾಲ ಮುಗಿದು ಬಿಸಿಲು ಏರಿತೆಂದರೆ ಅದರ ಚಿಗುರಿಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಳ್ಳುತ್ತದೆ. ಅದು ಹಿಟ್ಟು ತಿಗಣೆ. ಗಿಡದ ರಸ ಹೀರಿ ಬದುಕುವ ಹುಳು. ಅರಗಿನ ಹುಳುವೂ ಇದೇ ಗುಂಪಿಗೆ ಸೇರಿದ್ದು, ಅದೂ ರಸವನ್ನೇ ಹೀರುತ್ತದೆ. ಆದರೆ ಅದನ್ನು ಜನ ಬೇಕೆಂದೇ ಸಾಕುತ್ತಾರೆ. ಔಷಧಿ ಹೊಡೆಯುವ ಮೊದಲು ಯಾವ ಹುಳು ಎಂದು ನೋಡಿಕೊಳ್ಳಿ.

ಮೊದಲು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಬಿಳಿ ಪುಡಿ ಉದುರಿ ಒಳಗೆ ಮೆತ್ತನೆಯ ಹುಳು ಕಂಡರೆ ಹಿಟ್ಟು ತಿಗಣೆ. ಕೊಂಬೆಯ ಸುತ್ತ ಕಂದುಗೆಂಪು ಗಟ್ಟಿ ಪದರ ಕಟ್ಟಿದ್ದರೆ ಅರಗು. ಕುಂಡದಲ್ಲಿ ಇದು ಸಿಗುವುದು ಅಪರೂಪ. ಮುತ್ತುಗ, ಬೋರೆ, ರಸ್ತೆ ಬದಿಯ ಮಳೆ ಮರಗಳ ಕೊಂಬೆ ನೋಡಿ. ಹೆಣ್ಣು ಹುಳು ಒಂದೇ ಕಡೆ ಕೂತು, ಮೈಯಿಂದ ಅಂಟು ಒಸರಿಸಿ, ಅದರೊಳಗೇ ಬದುಕು ಮುಗಿಸುತ್ತದೆ. ಚನ್ನಪಟ್ಟಣದ ಬೊಂಬೆಯ ಹೊಳಪು ಈ ಅಂಟಿನದೇ. ಬಡಗಿಗಳು ಪಾಲಿಶ್‌ಗೆ ಬಳಸುವ ಚಪಡಾ, ಕೆಲವು ಮಾತ್ರೆಗಳ ಹೊದಿಕೆ, ಲಕೋಟೆಗೆ ಒತ್ತುವ ಮುದ್ರೆಯ ಅರಗು, ಎಲ್ಲದರ ಮೂಲವೂ ಇದೇ. ಇಂದು ಮತದಾನದ ಶಾಯಿ ಮಾಡುವ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು.

ಹಿಟ್ಟು ತಿಗಣೆ ಎಂದು ಖಾತ್ರಿಯಾಯಿತೇ? ಆ ಕುಂಡವನ್ನು ಉಳಿದವುಗಳಿಂದ ದೂರ ಇಡಿ. ಜಾಸ್ತಿ ಮುತ್ತಿದ ಚಿಗುರು ಕತ್ತರಿಸಿ, ಚೀಲದಲ್ಲಿ ಕಟ್ಟಿ ಬಿಸಾಡಿ. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ.

ಇಲ್ಲಿ ಸ್ವಲ್ಪ ನಿಲ್ಲಿ. ಬಿಳಿ ಎಳೆಗಳ ಹುಳುವೊಂದು ಉಳಿದವಕ್ಕಿಂತ ದೊಡ್ಡದಿದ್ದು, ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಕೊಲ್ಲಬೇಡಿ. ಅದು ಹಿಟ್ಟು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ. ಈ ಜಾತಿಯನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದೇ ಇಂಥ ಹುಳುಗಳನ್ನು ಹತೋಟಿಗೆ ತರಲು. ನೋಡಲು ಶತ್ರುವಿನ ಹಾಗೇ ಇರುವುದರಿಂದ ಪಾಪ, ನಮ್ಮ ಕೈಯಲ್ಲೇ ಸಾಯುತ್ತದೆ. ಅದು ಕಂಡರೆ ಸಿಂಪಡಣೆ ಬಿಟ್ಟು ಕೆಲವು ದಿನ ಕಾಯಿರಿ.

ಕಾಣದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ ಹೀಗೆ ಮಾಡಿ. ಒಂದೇ ಸಲಕ್ಕೆ ಹೋಗುವುದಿಲ್ಲ.

ಇರುವೆಗಳನ್ನೂ ತಡೆಯಬೇಕು. ಹಿಟ್ಟು ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಅವು ಕಾವಲು ನಿಂತು, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಕುಂಡದ ಸುತ್ತ ನೀರು ನಿಲ್ಲಿಸುವ ಉಪಾಯ ಮುಂಬೈಯಲ್ಲಿ ಬೇಡವೇ ಬೇಡ, ಡೆಂಗಿ ಸೊಳ್ಳೆ ಹುಟ್ಟುತ್ತದೆ. ಸ್ಟ್ಯಾಂಡಿನ ಕಾಲುಗಳಿಗೆ ಗ್ರೀಸ್ ಹಚ್ಚಿ, ಗೋಡೆಗೆ ತಾಗುವ ಕೊಂಬೆ ಕತ್ತರಿಸಿ.